ನಾಯಿಯನ್ನು ಸಂಗಡ ಕರೆದೊಯ್ಯುವುದೆ, ಬಿಟ್ಟುಹೋಗುವುದೆ?

ಶಾಲೆಗಳಿಗೆ ಬೇಸಿಗೆಯ ರಜ ಬಂದೊಡನೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರ ಮನೆಗಳಲ್ಲಿ ಪ್ರಯಾಣದ ಪ್ರಸ್ತಾಪ ಹೊರಡುವುದು ವಾಡಿಕೆಯಾಗಿದೆ. ಚಿಂತಾಮಣಿಯವರು ಮದನಪಲ್ಲಿಯ ಮಾರ್ಗವಾಗಿ ತಿರುಪತಿಗೆ ಹೊರಡುವರು. ಗೌರಿಬಿದನೂರಿನವರಿಗೆ ಗಡಿಯನ್ನು ದಾಟಿದರೆ ಹಿಂದೂಪುರ, ಅದರಾಚೆ ಲೇಪಾಕ್ಷಿ. ಕೆಲವರಿಗೆ ಧರ್ಮಸ್ಥಳ, ಸುಬ್ರಹ್ಮಣ್ಯ. ಮಕ್ಕಳು ಪರದೇಶದಲ್ಲಿ ನೆಲೆಸಿರುವ ತಾಯಿತಂದೆಗಳಿಗೆ ವಿಮಾನಯಾನ. ಗಾಡಿ ಗೊತ್ತಾಗಿ, ಹಾಲಿನವನಿಗೆ ಹೇಳಿ, ತುಳಸಿಗೆ ನೀರೆರೆಯುವ ಏರ್ಪಾಡು ಮಾಡಿ, ಬೀಗದ ಕೈ ಯಾರಲ್ಲಿರಬೇಕೆಂಬುದೂ ನಿಶ್ಚಯವಾದ ಮೇಲೆ, ಹೊರಡುವುದಕ್ಕೆ ಎರಡು ದಿನವಿರಲು ಮನೆಯ ಕಿರಿಯ ಮಗುವು "ನಾಯಿ ಯಾರ ಹತ್ತಿರ ಇರುತ್ತೆ?" ಎಂದು ಕೇಳುವುದು. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವುದು ಆಗಲೇ.

ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಆಗ ಮನೆಗೆ ಬೀಗ ಬೀಳುತ್ತಿದ್ದುದೇ ಅಪರೂಪ. ಹತ್ತು ಮಂದಿ ಯಾತ್ರೆಗೆ ಹೋದರೆ ಅಜ್ಜಿಯೋ ಸೋದರತ್ತೆಯೋ ಒಬ್ಬರು ದೀಪ ಹಚ್ಚಲು ಉಳಿಯುತ್ತಿದ್ದರು. ನಾಯಿಯಾದರೋ ಜಗಲಿಯ ಕೆಳಗೆ ಮಲಗಿ ಮುದ್ದೆಯ ಚೂರು ತಿಂದು ಬೀದಿಯನ್ನೆಲ್ಲ ಕಾಯುವ ಪ್ರಾಣಿ. ಒಂದು ಮನೆಯವರು ಊರಲ್ಲಿಲ್ಲವಾದರೆ ಮುಂದಿನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದು. ಈಗ ಮನೆಯಲ್ಲಿರುವವರು ನಾಲ್ವರು, ಹೊರಡುವವರೂ ಆ ನಾಲ್ವರೇ. ನಾಯಿಯು ಜಗಲಿಯನ್ನು ಬಿಟ್ಟು ನಡುಮನೆಗೆ ಬಂದಿದೆ, ಮಂಚದಡಿಯಲ್ಲಿ ಮಲಗುತ್ತದೆ, ಮನೆಯವರ ಕೈತುತ್ತಿಗೆ ವಿನಾ ಬೇರೆ ಅನ್ನವನ್ನು ಅರಿಯದು. ಆದಕಾರಣ ಇದು ಮಕ್ಕಳ ಮಾತೆಂದು ತಳ್ಳಿಹಾಕತಕ್ಕದ್ದಲ್ಲ.

ಇಂಥ ಪ್ರಸಂಗದಲ್ಲಿ ವಿದ್ಯಾವಂತರ ಮನೆಗಳಲ್ಲಿ ಧರ್ಮರಾಯನ ಹೆಸರು ಬಾರದೆ ಇರುವುದಿಲ್ಲ. "ಅವನು ಸ್ವರ್ಗಕ್ಕೇ ನಾಯಿಯನ್ನು ಕರೆದುಕೊಂಡು ಹೋಗಲಿಲ್ಲವೇ, ನಾವು ತಿರುಪತಿಗೆ ಒಯ್ಯಲಾರೆವೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ವಾದವು ಸೊಗಸಾಗಿದೆ; ಆದರೆ ಮೂಲದಲ್ಲಿರುವುದು ಅದಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ನಾಯಿಯನ್ನು ಕರೆದೊಯ್ಯಲಿಲ್ಲ. ಐವರು ಸೋದರರು, ದ್ರೌಪದಿ, ಇವರ ಹಿಂದೆ ಅದು ತಾನಾಗಿಯೇ ನಡೆದುಬಂದಿತು. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದುಹೋದ ಮೇಲೆ ಇಂದ್ರನು ರಥವನ್ನು ತಂದು ಏರೆಂದನು; ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದೂ ಹೇಳಿದನು. (ಇಂದಿನ ವಸತಿಗೃಹಗಳ ಬಾಗಿಲಲ್ಲಿ ಕಾಣುವ ಫಲಕವು ಅಲ್ಲಿಂದಲೇ ಬಂದಿರಬೇಕು!) ತಮ್ಮಂದಿರನ್ನೂ ಪತ್ನಿಯನ್ನೂ ಬಿಟ್ಟುಬಂದವನಿಗೆ ನಾಯಿಯ ಮೇಲೇಕೆ ಈ ಮೋಹವೆಂದು ಇಂದ್ರನು ಚುಚ್ಚಿದಾಗ ಧರ್ಮರಾಯನು ಕೊಟ್ಟ ಉತ್ತರವು ಇಲ್ಲಿ ಮುಖ್ಯವಾದುದು: ಅವರು ಸತ್ತಿದ್ದರು, ಬದುಕಿಸುವ ಶಕ್ತಿ ನನಗಿರಲಿಲ್ಲ, ಬದುಕಿರುವಾಗ ಅವರನ್ನು ನಾನು ಬಿಟ್ಟವನಲ್ಲ ಎಂದನು. ನಂಬಿ ಬಂದ ಜೀವವನ್ನು ತ್ಯಜಿಸಬಾರದೆಂಬುದು ಅವನ ವ್ರತವಾಗಿತ್ತೇ ಹೊರತು ನಾಯಿಯನ್ನು ರಥದಲ್ಲಿ ಕೂರಿಸಲೇಬೇಕೆಂಬುದಲ್ಲ. ಆ ಹಿಮದ ಬೆಟ್ಟದಲ್ಲಿ ಬಿಟ್ಟರೆ ಅದಕ್ಕೆ ಅನ್ನವಿಡುವವರಾರೂ ಇರಲಿಲ್ಲ; ಅಲ್ಲಿ ಬಿಡುವುದೆಂದರೆ ತ್ಯಜಿಸುವುದೇ. ನಮ್ಮ ಬೀದಿಯಲ್ಲಿ ಹಾಗಿರಬೇಕಾದುದಿಲ್ಲ. ಮನೆಯಲ್ಲಿ ಬಿಟ್ಟುಹೋಗುವುದು ಬೇರೆ, ಕೈಬಿಡುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಎಷ್ಟೋ ನಾಯಿಗಳು ಪ್ರೀತಿಯ ಹೆಸರಿನಲ್ಲಿ ಕಾರಿನೊಳಗೆ ಬೇಯುತ್ತಿವೆ, ಎಷ್ಟೋ ನಾಯಿಗಳು ಅನುಕೂಲದ ಹೆಸರಿನಲ್ಲಿ ಬೀದಿಯ ಪಾಲಾಗುತ್ತಿವೆ.

ಈ ಕಥೆಯು ನಮ್ಮ ಸೀಮೆಗೆ ದೂರವಾದುದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಬಕಾಸುರನ ವಧೆಯಾದ ಏಕಚಕ್ರನಗರಿಯೆಂದು ಸ್ಥಳಪುರಾಣವು ಹೇಳುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ವಿದುರನ ಹೆಸರನ್ನು ಹೊತ್ತಿದೆ. ಮಾಂಡವ್ಯನ ಶಾಪದಿಂದ ವಿದುರನಾಗಿ ಹುಟ್ಟಿದವನೂ ಧರ್ಮದೇವತೆಯೇ, ಬೆಟ್ಟದಲ್ಲಿ ನಾಯಿಯ ರೂಪದಿಂದ ಹಿಂಬಾಲಿಸಿದವನೂ ಅವನೇ.

ಹಾಗಾದರೆ ಕರೆದೊಯ್ಯಬೇಕಾದ ಸಂದರ್ಭವಾವುದು? ಮೊದಲು ಗಾಡಿಯ ವಿಚಾರವನ್ನೇ ನೋಡೋಣ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಅಲ್ಪಸ್ವಲ್ಪ ಬೆವರಿದರೂ ಮೈಕಾವನ್ನು ಕಳೆಯುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುವುದರಿಂದ. ಸುತ್ತಣ ಗಾಳಿಯೇ ಕಾದಿದ್ದರೆ ಏದಿ ಪ್ರಯೋಜನವಿಲ್ಲ. ಅದರ ಸಹಜವಾದ ಮೈಕಾವು 38ರಿಂದ 39 ಡಿಗ್ರಿ. 41ನ್ನು ದಾಟಿದರೆ ಪ್ರಾಣಾಪಾಯ. ಹೊರಗೆ 30 ಡಿಗ್ರಿ ಬಿಸಿಲಿರುವಾಗ ಮುಚ್ಚಿದ ಕಾರಿನೊಳಗೆ ಅರ್ಧ ಘಂಟೆಯಲ್ಲಿ 45 ಡಿಗ್ರಿಯನ್ನು ಮೀರುತ್ತದೆ. ಗಾಜನ್ನು ನಾಲ್ಕು ಬೆರಳು ಇಳಿಸಿಟ್ಟರೂ ಹೆಚ್ಚಿನ ಉಪಯೋಗವಿಲ್ಲ. ನಮ್ಮ ಕಡೆಯ ಏಪ್ರಿಲ್ ತಿಂಗಳು 30 ಡಿಗ್ರಿಗೆ ನಿಲ್ಲುವುದಿಲ್ಲ. ತಿರುಪತಿಯ ಮೇ ತಿಂಗಳು 40ನ್ನು ಮೀರುವುದುಂಟು. "ಐದು ನಿಮಿಷ ದರ್ಶನ ಮಾಡಿ ಬರುತ್ತೇವೆ" ಎಂದು ಹೋದವರು ಐದು ನಿಮಿಷದಲ್ಲಿ ಬರುವರೆಂದು ಯಾವ ದೇವರೂ ಮಾತು ಕೊಟ್ಟಿಲ್ಲ. ಪಗ್ ಮೊದಲಾದ ಚಪ್ಪಟೆ ಮೂಗಿನ ನಾಯಿಗಳಿಗಂತೂ ತಂಪಿನಲ್ಲಿಯೇ ಉಸಿರು ಸಾಲದು. ಅವನ್ನು ಬೇಸಿಗೆಯ ದೂರಪ್ರಯಾಣಕ್ಕೆ ಒಯ್ಯಲೇ ಕೂಡದೆಂಬುದು ನಮ್ಮ ಅಭಿಪ್ರಾಯ.

ಬಸ್ಸು ರೈಲುಗಳ ವಿಷಯ ಸಂಕ್ಷಿಪ್ತವಾಗಿದೆ. ನಮ್ಮ ರಾಜ್ಯದ ರಸ್ತೆ ಸಾರಿಗೆ ನಿಗಮವು 2022ರಲ್ಲಿ ಸಾಧಾರಣ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೀಟನ್ನು ಗೊತ್ತುಮಾಡಿತು. ರಾಜಹಂಸ, ಹವಾನಿಯಂತ್ರಿತ ಮೊದಲಾದ ಗಾಡಿಗಳಲ್ಲಿ ಪ್ರವೇಶವಿಲ್ಲ. ರೈಲಿನಲ್ಲಾದರೆ ಮೊದಲ ದರ್ಜೆಯ ಕೋಣೆಯೊಂದನ್ನು ಪೂರ್ತಿಯಾಗಿ ನಾವೇ ಹಿಡಿದಿರಬೇಕು, ಇಲ್ಲವೆ ನಾಯಿಯು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬರಬೇಕು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಹೋಗುವ ನಮ್ಮ ಸಣ್ಣ ಗಾಡಿಗಳಲ್ಲಿ ಮೊದಲ ದರ್ಜೆಯೇ ಇಲ್ಲ.

ಹೋಗಿ ಸೇರುವ ಸ್ಥಳದ ಯೋಚನೆಯನ್ನು ಜನರು ಮಾಡುವುದು ಕಡಮೆ. ದೇವಸ್ಥಾನದೊಳಗೆ ನಾಯಿಯನ್ನು ಬಿಡುವುದಿಲ್ಲ. ಆದ್ದರಿಂದ ಯಾತ್ರೆಯ ಉದ್ದಕ್ಕೂ ಮನೆಯವರಲ್ಲೊಬ್ಬರು ನಾಯಿಯೊಡನೆ ಹೊರಗೆ ಕುಳಿತಿರಬೇಕು. ಆ ಒಬ್ಬರು ಬಹುಮಟ್ಟಿಗೆ ಗೃಹಿಣಿಯೇ ಆಗಿರುವರೆಂಬುದನ್ನು ಸ್ತ್ರೀವಾಚಕರಿಗೆ ನಾವು ಹೇಳಬೇಕಾಗಿಲ್ಲ. ಅಲ್ಲದೆ, ಛತ್ರದ ಬೀದಿಯಲ್ಲಿ ಅಲ್ಲಿನ ನಾಯಿಗಳಿರುತ್ತವೆ. ಹೊಸ ನಾಯಿಯೊಂದು ಗಾಡಿಯಿಂದಿಳಿದರೆ ಅವು ಸುಮ್ಮನಿರವು. ಹೆದರಿ ಕೊರಳಪಟ್ಟಿಯಿಂದ ನುಣುಚಿಕೊಂಡು ಓಡಿದ ನಾಯಿಗೆ ಆ ಊರಿನ ದಾರಿಯೂ ತಿಳಿಯದು, ವಾಸನೆಯೂ ತಿಳಿಯದು. ಮಹಾಭಾರತದ ಕೊನೆಯಲ್ಲಿ ಒಂದು ನಾಯಿಯಿದ್ದಂತೆ ಮೊದಲಿನಲ್ಲಿಯೂ ಒಂದಿದೆ: ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿ. ಹವಿಸ್ಸನ್ನು ಅದು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಆದರೂ ರಾಜನ ತಮ್ಮಂದಿರು ಹೊಡೆದಟ್ಟಿದರು. ಪರಸ್ಥಳದಲ್ಲಿ ನಾಯಿಯು ತಪ್ಪು ಮಾಡಿದ್ದರೇ ಪೆಟ್ಟು ಬೀಳಬೇಕೆಂಬ ನಿಯಮವಿಲ್ಲ.

ಇಷ್ಟನ್ನೂ ತೂಗಿ ನೋಡಿದರೆ, ಯಾತ್ರೆಗೂ ಮದುವೆಮನೆಗಳಿಗೂ ನಾಯಿಯನ್ನು ಒಯ್ಯದಿರುವುದೇ ಲೇಸೆಂದು ನಮಗೆ ತೋರುತ್ತದೆ. ಸ್ವಂತ ಗಾಡಿಯಿದ್ದು, ಕಾಲವು ತಂಪಾಗಿದ್ದು, ಹೋಗಿ ಇಳಿಯುವುದು ನಂಟರ ತೋಟದ ಮನೆಯಾಗಿದ್ದು, ನಾಯಿಯು ಚಿಕ್ಕಂದಿನಿಂದ ಗಾಡಿಯ ಅಭ್ಯಾಸವುಳ್ಳದ್ದಾದರೆ ಸಂತೋಷವಾಗಿ ಕರೆದೊಯ್ಯಬಹುದು. ಹೊರಡುವ ಮುಂಚೆ ಮೂರು ನಾಲ್ಕು ಘಂಟೆ ಊಟ ಹಾಕಬಾರದು. ಎರಡು ಘಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಬೇಕು. ಕೊರಳಪಟ್ಟಿಯಲ್ಲಿ ಮನೆಯ ದೂರವಾಣಿ ಸಂಖ್ಯೆ ಇರಬೇಕು. ಹುಚ್ಚುನಾಯಿ ರೋಗದ ಲಸಿಕೆಯ ಪತ್ರವು ಕೈಚೀಲದಲ್ಲಿರಬೇಕು.

ಈ ಲಸಿಕೆಯ ಮಾತನ್ನು ಹಗುರವಾಗಿ ಎಣಿಸಬಾರದು. ಪ್ರಪಂಚದಲ್ಲಿ ಈ ರೋಗದಿಂದ ಸಾಯುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಲೂಯಿ ಪಾಶ್ಚರನು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲು ಚುಚ್ಚಿಸಿದ ಮದ್ದು ಇಂದು ತಾಲ್ಲೂಕಿನ ಪಶುವೈದ್ಯಶಾಲೆಯವರೆಗೂ ಬಂದಿದೆ. ಪಾಶ್ಚರನು ತೀರಿಕೊಂಡ ದಿನವಾದ ಸೆಪ್ಟೆಂಬರ್ 28ರ ಸುಮಾರಿನಲ್ಲಿ ಉಚಿತ ಶಿಬಿರಗಳೂ ನಡೆಯುತ್ತವೆ. ಒಯ್ದರೂ ಸರಿ, ಬಿಟ್ಟರೂ ಸರಿ, ಲಸಿಕೆ ಹಾಕಿಸದ ನಾಯಿಯನ್ನು ಪರರ ವಶಕ್ಕೆ ಕೊಡುವುದು ಆ ಪರರಿಗೆ ಮಾಡುವ ದ್ರೋಹ.

ಇನ್ನು ಬಿಟ್ಟುಹೋಗುವ ಕ್ರಮ. ಶಿಡ್ಲಘಟ್ಟದ ಕಡೆಯ ರೇಷ್ಮೆಗಾರರ ಪ್ರಯಾಣವು ಎರಡು ಬೆಳೆಗಳ ನಡುವೆ ಬೀಳುತ್ತದೆ. ಹುಳು ನಾಲ್ಕನೆಯ ಜ್ವರವೆದ್ದ ಮೇಲೆ ಮನೆ ಬಿಟ್ಟು ಕದಲುವವರುಂಟೆ? ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆಯೇ ಬಿಡುವು. ಆಗ ಹುಳುಮನೆ ಖಾಲಿಯಿರುವುದೆಂದು ನಾಯಿಯನ್ನು ಅಲ್ಲಿ ಕಟ್ಟಿ, ಒಂದು ಬೋಗುಣಿ ಅನ್ನವನ್ನಿಟ್ಟು ಹೋಗುವವರನ್ನು ಕಂಡಿದ್ದೇವೆ. ಹುಳುಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಶುದ್ಧಿಮಾಡುವ ಕಾಲವೂ ಅದೇ. ಆ ಘಾಟು ಮನುಷ್ಯನ ಕಣ್ಣನ್ನೇ ಉರಿಸುವುದು. ಕಟ್ಟಿಹಾಕಿದ ನಾಯಿಯು ಓಡುವುದೆಲ್ಲಿಗೆ? ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ನಿವಾರಣ ಶಾಸನದಂತೆ ಅಪರಾಧ. ಮೊದಲ ಬಾರಿಗೆ ಆ ಶಾಸನವು ವಿಧಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ! ದಂಡಕ್ಕೆ ಹೆದರಿ ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇರಲಾರರು.

ಬಾಡಿಗೆಗೆ ನಾಯಿಗಳನ್ನಿಟ್ಟುಕೊಳ್ಳುವ ಗೃಹಗಳು ಬೆಂಗಳೂರಿನಲ್ಲಿವೆ. ಒಪ್ಪಿಸುವ ಮೊದಲು ಹೋಗಿ ಕಣ್ಣಾರೆ ನೋಡಿಬರಬೇಕು. ಅದಕ್ಕಿಂತಲೂ ನಾಯಿಗೆ ಗುರುತಿರುವವರೊಬ್ಬರು ಬಂದು ಮನೆಯಲ್ಲಿಯೇ ರಾತ್ರಿ ಮಲಗುವ ಏರ್ಪಾಡು ಎಷ್ಟೋ ಮೇಲು. ಸ್ಥಳವು ಬದಲಾಗದಿದ್ದರೆ ನಾಯಿಗೆ ಅರ್ಧ ಸಮಾಧಾನವಿರುತ್ತದೆ.

ವಿದೇಶದ ಪ್ರಯಾಣಕ್ಕೆ ಬರೋಣ. ಇಂಗ್ಲೆಂಡಿನಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಅಲ್ಲಿಯವರ ವಾಡಿಕೆಯಂತೆ ಕ್ಯಾರವಾನ್ ಎಂಬ ಚಲಿಸುವ ಮನೆಯನ್ನು ಕಾರಿಗೆ ಕಟ್ಟಿಕೊಂಡು ಸಂಸಾರಸಮೇತನಾಗಿ ಫ್ರಾನ್ಸಿಗೆ ಹೋಗುವವನು. ಒಲೆ, ಹಾಸಿಗೆ ಎಲ್ಲವೂ ಸಂಗಡಲೇ ಇರುವುದರಿಂದ ನಾಯಿಯೂ ಇರಬಹುದೆಂದು ಮಕ್ಕಳು ಹಟ ಹಿಡಿದರಂತೆ. 2021ರ ಆದಿಯಿಂದ ಬ್ರಿಟನ್ನಿನ ನಾಯಿಗಳ ಹಳೆಯ ಪಾಸ್‌ಪೋರ್ಟು ಯೂರೋಪಿನಲ್ಲಿ ನಡೆಯದಾಗಿ, ಪ್ರತಿ ಪ್ರಯಾಣಕ್ಕೂ ಪಶುವೈದ್ಯರ ಹೊಸ ಆರೋಗ್ಯಪತ್ರವನ್ನು ಪಡೆಯಬೇಕಾಯಿತು. ಮರಳುವಾಗ ಲಾಡಿಹುಳುವಿನ ಔಷಧಿಯನ್ನು ಬ್ರಿಟನ್ ಸೇರುವುದಕ್ಕೆ 24 ಘಂಟೆಗಿಂತ ಕಡಮೆಯಿಲ್ಲದೆ, 120 ಘಂಟೆಗಿಂತ ಹೆಚ್ಚಿಲ್ಲದೆ ಮುಂಚಿತವಾಗಿ ವೈದ್ಯರೇ ಕೊಟ್ಟು ಬರೆದಿರಬೇಕು. ಅಂದರೆ ರಜದ ಕೊನೆಯ ದಿನಗಳಲ್ಲಿ ಪರಭಾಷೆಯ ಊರಿನಲ್ಲಿ ಪಶುವೈದ್ಯನನ್ನು ಹುಡುಕಬೇಕು. ಎರಡು ವಾರದ ವಿಹಾರವಾದರೆ ಈ ತೊಡಕು ಸಾರ್ಥಕ, ನಾಲ್ಕು ದಿನದ್ದಾದರೆ ನಾಯಿಯನ್ನು ನೆರೆಯ ಕನ್ನಡದವರ ಮನೆಯಲ್ಲಿ ಬಿಡಬೇಕೆಂದು ಅವನು ನಿರ್ಧರಿಸಿದನು. ಆ ಲೆಕ್ಕವು ನಮಗೂ ಒಪ್ಪಿಗೆಯಾಯಿತು.

ಇಲ್ಲಿಂದ ಅಲ್ಲಿಗೆ ಒಯ್ಯುವುದು ಇನ್ನೂ ದೀರ್ಘವಾದ ಕಾರ್ಯ. ನಾಯಿಯ ಚರ್ಮದಡಿ ಗುರುತಿನ ಚಿಪ್ಪು, ಅನಂತರ ಲಸಿಕೆ, 30 ದಿನಗಳಾದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಅಲ್ಲಿಗೆ ಬ್ರಿಟನ್ನಿನ ಬಾಗಿಲು ತೆರೆಯುವುದು. ವಿಮಾನದಲ್ಲಿ ನಾಯಿಯು ಬರುವುದು ಸರಕಿನ ಪಟ್ಟಿಯಲ್ಲಿ, ನಮ್ಮ ಮಗ್ಗುಲಲ್ಲಲ್ಲ. ಅಮೆರಿಕದವರು 2024ರ ಆಗಸ್ಟ್ 1ರಿಂದ ನಿಯಮವನ್ನು ಬಿಗಿಮಾಡಿದರು: ಆರು ತಿಂಗಳಾಗದ ಮರಿಗೆ ಪ್ರವೇಶವಿಲ್ಲ, ನಮ್ಮಂಥ ದೇಶದಲ್ಲಿ ಲಸಿಕೆ ಪಡೆದ ನಾಯಿಗೆ ರಕ್ತಪರೀಕ್ಷೆಯ ಪತ್ರವಿಲ್ಲದಿದ್ದರೆ 28 ದಿನ ಪ್ರತ್ಯೇಕವಾಸ. ಆಸ್ಟ್ರೇಲಿಯವು ಭಾರತದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ. ಈ ಕಟ್ಟುಗಳು ಆಗಾಗ್ಗೆ ಬದಲಾಗುವುವಾದ್ದರಿಂದ ಟಿಕೀಟು ಕೊಳ್ಳುವ ಮೊದಲು ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ನೆಲೆಸಲೆಂದೇ ಹೋಗುವವರು ಇದನ್ನೆಲ್ಲ ಮಾಡಬೇಕು. ಮೊಮ್ಮಗುವನ್ನು ನೋಡಲು ಆರು ತಿಂಗಳಿಗೆ ಹೋಗುವವರು ಮಾಡುವುದು ನಾಯಿಗೂ ಹಿಂಸೆ, ಹಣಕ್ಕೂ ಹಿಂಸೆ.

ಆದರೆ ಆರು ತಿಂಗಳೆಂಬುದು ನಾಯಿಯ ಆಯುಸ್ಸಿನಲ್ಲಿ ಅಲ್ಪಕಾಲವಲ್ಲ. ಹನ್ನೆರಡು ವರ್ಷದ ಮುದಿ ನಾಯಿಯನ್ನು ಬಿಟ್ಟು ಹೊರಡುವವರು ಮರಳುವ ವೇಳೆಗೆ ಅದು ಇರಲಾರದೆಂಬುದನ್ನು ಎಣಿಸಿಕೊಂಡೇ ಹೊರಡಬೇಕು. ಚಿಕ್ಕಬಳ್ಳಾಪುರದಲ್ಲಿ ನಮಗೆ ಪರಿಚಿತರಾದ ದಂಪತಿಗಳು ಇದನ್ನೇ ಯೋಚಿಸಿ, ಇಬ್ಬರೂ ಒಟ್ಟಿಗೆ ಹೋಗದೆ ಮೊದಲು ಆಕೆ ಮೂರು ತಿಂಗಳು, ಆಕೆ ಬಂದ ಮೇಲೆ ಆತ ಮೂರು ತಿಂಗಳು ಹೋಗಿಬಂದರು. ನಾಯಿಗಾಗಿ ಹೀಗೆ ಮಾಡಿದಿರಾ ಎಂದು ಬಂಧುಗಳು ನಕ್ಕರು. ಆತನು ಹೊರಡುವಾಗ ತಮ್ಮ ಹಳೆಯ ಹೊದಿಕೆಯೊಂದನ್ನು ಒಗೆಯದೆ ನಾಯಿಯ ಮೂಲೆಯಲ್ಲಿ ಹಾಸಿ ಹೋದರು. ಅವರು ಬರುವವರೆಗೆ ಅದನ್ನು ಒಗೆಯಗೊಡಲಿಲ್ಲವೆಂದು ಆಕೆಯು ನಮ್ಮ ಮನೆಯವರಲ್ಲಿ ಹೇಳಿದ್ದುಂಟು. ಒಗೆಯಗೊಡದವರು ನಾಯಿಯೋ ಆಕೆಯೋ ನಾವು ಕೇಳಲಿಲ್ಲ.