ಬಾಳೆಲೆಯ ಕ್ರಮ ಮಕ್ಕಳ ತಟ್ಟೆಗೂ ಬರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸಮಾರಂಭದ ಊಟಕ್ಕೆ ಒಂದು ಕ್ರಮವಿದೆ. ಬಾಳೆಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಮೊದಲು ಬರುತ್ತವೆ. ಅನ್ನ ಬಡಿಸಿದ ಮೇಲೆ ಹಲವೆಡೆ ತಂಬುಳಿ, ಬಳಿಕ ಸಾರು, ಹುಳಿ, ಪಾಯಸ, ಕೊನೆಯಲ್ಲಿ ಮಜ್ಜಿಗೆ. ಮನೆಯ ನಿತ್ಯದ ರಾತ್ರಿಯೂಟದಲ್ಲಿ ಮಾತ್ರ ಎಲ್ಲವೂ ಒಮ್ಮೆಗೇ ತಟ್ಟೆಗೆ ಬೀಳುವುದುಂಟು. ಆಗ ಮಗುವಿನ ಕೈ ಮೊದಲು ಹೋಗುವುದು ಹಪ್ಪಳಕ್ಕೆ, ಆಮೇಲೆ ಸಾರನ್ನಕ್ಕೆ. ಪಲ್ಯದ ಸರದಿ ಬರುವಷ್ಟರಲ್ಲಿ ಹೊಟ್ಟೆ ತುಂಬಿರುತ್ತದೆ.

ಇದು ಕೇವಲ ಹಟದ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣಗಳು ಹಲವು. ಸೊಪ್ಪು, ಬೇಳೆ, ತರಕಾರಿಗಳಿಲ್ಲದ ಊಟವೂ ಅವುಗಳಲ್ಲೊಂದು.

ಹಸಿದಾಗ ತರಕಾರಿ

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಮಧ್ಯಾಹ್ನದ ಊಟದ ಆರಂಭದಲ್ಲೇ ಕ್ಯಾರೆಟ್ ನೀಡಲಾಯಿತು. ಅದರ ಪ್ರಮಾಣವನ್ನು 30 ಗ್ರಾಂನಿಂದ 60 ಗ್ರಾಂಗೆ ಏರಿಸಿದಾಗ ಮಕ್ಕಳು ತಿಂದ ಕ್ಯಾರೆಟ್ ಶೇ 47ರಷ್ಟು ಹೆಚ್ಚಿತು. ಹಸಿವು ತೀವ್ರವಾಗಿರುವಾಗ, ಸ್ಪರ್ಧೆಗೆ ಬೇರೆ ತಿನಿಸು ಇಲ್ಲದಿರುವಾಗ ತರಕಾರಿಯೂ ರುಚಿಸುತ್ತದೆ.

ಪಂಕ್ತಿಯಲ್ಲಿ ಅನ್ನ ಬರುವವರೆಗೆ ಯಾರೂ ಎಲೆಗೆ ಕೈಯಿಕ್ಕುವುದಿಲ್ಲ. ಮನೆಯಲ್ಲಿ ಮಕ್ಕಳ ಮಟ್ಟಿಗೆ ಈ ಕಟ್ಟಳೆಯನ್ನು ಸಡಿಲಿಸಿ, ಕೋಸಂಬರಿಯನ್ನು ಮೊದಲೇ ತಿನ್ನಲು ಬಿಡುವುದು ಲೇಸು.

ಮನೆಯಲ್ಲಿ ಹೀಗೆ ಮಾಡಬಹುದು

ಮೊದಲ ಸುತ್ತಿನಲ್ಲಿ ಹೆಸರುಬೇಳೆ–ಸೌತೆಕಾಯಿ ಕೋಸಂಬರಿ ಅಥವಾ ಬೇಯಿಸಿದ ತರಕಾರಿ ಎರಡು ಚಮಚ. ಎರಡನೆಯದರಲ್ಲಿ ಒಂದು ತುತ್ತು ಅನ್ನಕ್ಕೆ ಒಂದೆಲಗ, ದೊಡ್ಡಪತ್ರೆ ಅಥವಾ ನೆಲ್ಲಿಕಾಯಿಯ ತಂಬುಳಿ. ಮೂರನೆಯದು ಬೇಳೆಯ ಹುಳಿ, ತುಪ್ಪ, ಪಲ್ಯ. ಕೊನೆಗೆ ಮೊಸರನ್ನ ಇಲ್ಲವೆ ಬಾಳೆಹಣ್ಣು. ಹಪ್ಪಳ, ಸಂಡಿಗೆಗಳನ್ನು ಮೂರನೆಯ ಸುತ್ತಿಗೆ ಮುಂಚೆ ಕಣ್ಣಿಗೆ ಬೀಳದಂತೆ ಇಡುವುದು ಒಳ್ಳೆಯದು. ಇದಕ್ಕೆ ಬೇರೆ ಅಡುಗೆ ಬೇಕಿಲ್ಲ. ಮನೆಮಂದಿಗೆಲ್ಲ ಮಾಡಿದ್ದನ್ನೇ ಖಾರ ತಗ್ಗಿಸಿ, ಸರದಿಯಂತೆ ಬಡಿಸಿದರೆ ಸಾಕು.

ನಾಲ್ಕು ವರ್ಷದೊಳಗಿನವರಿಗೆ ಹಸಿ ಕ್ಯಾರೆಟ್ಟನ್ನು ತುರಿದೇ ಕೊಡಬೇಕು. ಗಟ್ಟಿ ತುಂಡು, ಇಡೀ ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಊಟಕ್ಕೆ ಮುನ್ನಿನ ಒಂದು ಗಂಟೆ ಬಿಸ್ಕತ್ತು, ಚಹಾ ಬೇಡ. ಬಿಸ್ಕತ್ತು ಹಸಿವನ್ನು ಕೆಡಿಸುತ್ತದೆ. ಚಹಾ ಆಹಾರದಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ.

ಒತ್ತಾಯ ಸಲ್ಲದು

ಕ್ರಮವೆಂದರೆ ಷರತ್ತಲ್ಲ. ಕೋಸಂಬರಿ ಮುಗಿಸಿದರಷ್ಟೇ ಅನ್ನ ಎಂದರೆ ತರಕಾರಿ ಶಿಕ್ಷೆಯಾಗುತ್ತದೆ, ಪಾಯಸ ಬಹುಮಾನವಾಗುತ್ತದೆ. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಹೊಣೆ. ಎಷ್ಟು ತಿನ್ನಬೇಕೆಂಬುದು ಮಗುವಿನ ಹಸಿವಿಗೆ ಬಿಟ್ಟದ್ದು. ಇಂದು ಬೇಡವೆಂದ ಪಲ್ಯವನ್ನು ಹತ್ತಾರು ಬಾರಿ ನೋಡಿ, ಮೂಸಿ, ನೆಕ್ಕಿದ ಮೇಲೆ ಮಗು ಒಪ್ಪಿಕೊಳ್ಳುವುದುಂಟು. ಮಗು ಸತತವಾಗಿ ಊಟ ನಿರಾಕರಿಸಿದರೆ, ತೂಕ ಏರದಿದ್ದರೆ ಅಥವಾ ಬಿಳಿಚಿಕೊಂಡಂತೆ ಕಂಡರೆ ವೈದ್ಯರಿಗೆ ತೋರಿಸುವುದು ಅಗತ್ಯ.