ನರವೈವಿಧ್ಯವುಳ್ಳ ಮಕ್ಕಳು ಮತ್ತು ಯುವಜನರು: ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಪೋಷಕರಿಗೆ ಮಾಹಿತಿ

ಮಿದುಳಿನ ಬೆಳವಣಿಗೆಯ ಭಿನ್ನತೆಯಿಂದಾಗಿ ಮಾತು, ಕಲಿಕೆ, ಗಮನ ಅಥವಾ ಇತರರೊಡನೆ ಬೆರೆಯುವ ರೀತಿಯಲ್ಲಿ ಬೇರೆಯಾಗಿ ಕಾಣುವ ಮಕ್ಕಳನ್ನು ‘ನರವೈವಿಧ್ಯವುಳ್ಳ ಮಕ್ಕಳು’ ಎಂದು ಈಗ ಕರೆಯಲಾಗುತ್ತಿದೆ. ಸ್ವಲೀನತೆ (ಆಟಿಸಂ), ನಿರ್ದಿಷ್ಟ ಕಲಿಕಾ ನ್ಯೂನತೆ, ಗಮನ ಕೊರತೆ ಮತ್ತು ಅತಿಚಟುವಟಿಕೆ (ಎ.ಡಿ.ಎಚ್.ಡಿ.) ಇವುಗಳಲ್ಲಿ ಮುಖ್ಯವಾದವು. ಇವು ಪೋಷಕರ ತಪ್ಪಿನಿಂದಾಗಲಿ, ಲಸಿಕೆಯಿಂದಾಗಲಿ, ದೃಷ್ಟಿದೋಷದಿಂದಾಗಲಿ ಬರುವಂಥವಲ್ಲ. ಪೂರ್ಣವಾಗಿ ಗುಣಪಡಿಸಿಕೊಡುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು.

ಮಗುವಿಗೆ 12 ತಿಂಗಳಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದಲ್ಲಿ, 18 ತಿಂಗಳಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದಿದ್ದಲ್ಲಿ, 2 ವರ್ಷವಾದರೂ ಎರಡು ಪದ ಸೇರಿಸಿ ಮಾತನಾಡದಿದ್ದಲ್ಲಿ ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಅನಂತರ ಮಕ್ಕಳ ತಜ್ಞರಿಗೆ ತೋರಿಸುವುದು ಅವಶ್ಯಕ. ‘ಗಂಡು ಮಗು, ಮಾತು ತಡ’, ‘ಅವರ ಅಜ್ಜನೂ ಹಾಗೆಯೇ ಇದ್ದರು’ ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷ ಕಳೆದುಹೋಗುವುದುಂಟು. ಮಾತು ಮತ್ತು ನಡವಳಿಕೆಯ ತರಬೇತಿಯಿಂದ ಹೆಚ್ಚಿನ ಪ್ರಯೋಜನ ದೊರೆಯುವುದು ಈ ವರ್ಷಗಳಲ್ಲಿಯೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೆ 1 ಬಾರಿ ಭೇಟಿ ನೀಡಿ ಮಕ್ಕಳ ತಪಾಸಣೆ ನಡೆಸಬೇಕಾಗಿರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ, ಮನೆಯಲ್ಲಿ ಕಂಡದ್ದನ್ನು ಅಂಗನವಾಡಿ ಕಾರ್ಯಕರ್ತೆಯ ಮೂಲಕ ತಂಡಕ್ಕೆ ತಿಳಿಸುವುದು ಸೂಕ್ತ.

ಕಲಿಕಾ ನ್ಯೂನತೆಯೋ, ಭಾಷೆಯ ತೊಡಕೋ?

ಈ ಭಾಗದ ಪೋಷಕರು ಹಾಗೂ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ಆಂಧ್ರ ಗಡಿಗೆ ಸಮೀಪದ ಈ ತಾಲ್ಲೂಕುಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು ಅಥವಾ ಉರ್ದು. ಕನ್ನಡ ಅಕ್ಷರಗಳು ಅವರಿಗೆ ಶಾಲೆಯಲ್ಲಿಯೇ ಮೊದಲು ಎದುರಾಗುತ್ತವೆ. ಕೂಲಿಗಾಗಿ ಗುಳೆ ಹೋಗುವ ಕುಟುಂಬದ ಮಗು ತಿಂಗಳುಗಟ್ಟಲೆ ತರಗತಿ ತಪ್ಪಿಸಿಕೊಂಡಿರುತ್ತದೆ. ಇಂತಹ ಮಗು ಓದಿನಲ್ಲಿ ಹಿಂದುಳಿದ ಮಾತ್ರಕ್ಕೆ ಅದನ್ನು ಕಲಿಕಾ ನ್ಯೂನತೆ ಎನ್ನಲಾಗದು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಸಾಮಾನ್ಯ ಮಕ್ಕಳಿಗೂ ಇವೆಲ್ಲ ಕೈಗೂಡಲು ಕೆಲವು ವರ್ಷ ಬೇಕಾಗುತ್ತದೆ. ಆದರೆ ಕ್ರಮವಾಗಿ ಶಾಲೆಗೆ ಬರುವ, ಬಾಯಿಮಾತಿನಲ್ಲಿ ಚುರುಕಾಗಿ ಉತ್ತರಿಸುವ ಮಗು ಮೂರು ನಾಲ್ಕನೆಯ ತರಗತಿಯಲ್ಲಿಯೂ ಅಕ್ಷರ ಕೂಡಿಸಿ ಓದಲಾರದೆ, ದೀರ್ಘ, ಒತ್ತುಗಳನ್ನು ಬಿಡುತ್ತಲೇ ಇದ್ದಲ್ಲಿ ತಜ್ಞರ ಪರೀಕ್ಷೆ ಅಗತ್ಯ. ಅಂತಹ ಮಗುವನ್ನು ಸೋಮಾರಿ ಎಂದು ದಂಡಿಸುವುದರಿಂದ ಓದು ಬರುವುದಿಲ್ಲ, ಶಾಲೆಯ ಮೇಲೆ ಭಯ ಮಾತ್ರ ಬೆಳೆಯುತ್ತದೆ.

ಮಾರ್ಗಸೂಚಿಯಂತೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ನಂತರವೇ ನೀಡಲಾಗುತ್ತದೆ. 14 ಹಾಗೂ 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಇರುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮುಂತಾದ ಸೌಲಭ್ಯಕ್ಕೆ ಈ ಪತ್ರವೇ ಆಧಾರ. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ಫಲವಿಲ್ಲ. ಎಂಟನೆಯ ತರಗತಿಯಲ್ಲಿಯೇ ಮುಖ್ಯೋಪಾಧ್ಯಾಯರ ಗಮನಕ್ಕೆ ತರುವುದು ಒಳ್ಳೆಯದು.

ಕಾನೂನು ಮತ್ತು ಪ್ರಮಾಣಪತ್ರ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಸ್ವಲೀನತೆ, ನಿರ್ದಿಷ್ಟ ಕಲಿಕಾ ನ್ಯೂನತೆ ಹಾಗೂ ಬೌದ್ಧಿಕ ವಿಕಲತೆ ಈ ಪಟ್ಟಿಯಲ್ಲಿವೆ. ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲವಾದ್ದರಿಂದ, ಅದರ ಜೊತೆಗೆ ಬೇರೆ ನ್ಯೂನತೆ ಇದೆಯೇ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಶೇ. 40 ಹಾಗೂ ಅದಕ್ಕಿಂತ ಹೆಚ್ಚು ವಿಕಲತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯು ವಿಕಲತೆಯ ಕಾರಣಕ್ಕೆ ಪ್ರವೇಶದಲ್ಲಿ ತಾರತಮ್ಯ ಮಾಡುವಂತಿಲ್ಲ. ಪ್ರವೇಶ ನಿರಾಕರಿಸಿದಲ್ಲಿ ಲಿಖಿತ ಕಾರಣ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಮನವಿ ಸಲ್ಲಿಸಬಹುದು.

ವಿಕಲತೆಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನ್‌ನಲ್ಲಿ ಒಂದೇ ಅರ್ಜಿ ಸಾಕು. ಆಧಾರ್ ಅಥವಾ ಆಧಾರ್ ನೋಂದಣಿ ರಸೀದಿ, ವಿಳಾಸದ ದಾಖಲೆ, 6 ತಿಂಗಳೊಳಗಿನ ಭಾವಚಿತ್ರ ಇರಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಹಾಗೂ ನಗರ ಪ್ರದೇಶದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಇದಕ್ಕಾಗಿ ಮಧ್ಯವರ್ತಿಗಳ ಅಗತ್ಯವಿಲ್ಲ. ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಬರುವವರು ತಪಾಸಣೆಯ ದಿನವನ್ನು ಮೊದಲೇ ಖಚಿತಪಡಿಸಿಕೊಂಡು ಹೊರಡುವುದರಿಂದ ಒಂದು ದಿನದ ಕೂಲಿ ಉಳಿಯುತ್ತದೆ. ಸ್ವಲೀನತೆಯುಳ್ಳ ಮಗುವಿಗೆ ಆಸ್ಪತ್ರೆಯ ಗದ್ದಲ ಸಹಿಸಲಾಗದಿದ್ದಲ್ಲಿ ಅದನ್ನು ಸಿಬ್ಬಂದಿಗೆ ತಿಳಿಸಿ, ಬೇಗ ಕರೆಯುವಂತೆ ಕೋರಬಹುದು. (ಜಾತ್ರೆಯ ತಮಟೆ, ಪಟಾಕಿಯ ಸದ್ದಿಗೆ ಇಂತಹ ಮಕ್ಕಳು ಕಿವಿ ಮುಚ್ಚಿ ಅಳುವುದು ಹಟವಲ್ಲ, ಆ ಶಬ್ದ ಅವರಿಗೆ ನಿಜವಾಗಿಯೂ ನೋವುಂಟುಮಾಡುತ್ತದೆ.)

18 ವರ್ಷ ತುಂಬಿದ ಮೇಲೆ

ಮಗ ಅಥವಾ ಮಗಳಿಗೆ 18 ತುಂಬಿದೊಡನೆ ತಂದೆತಾಯಿಯರ ಸಹಜ ಪೋಷಕತ್ವ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಬ್ಯಾಂಕಿನಲ್ಲಿಯೋ ಆಸ್ತಿ ವಿಭಾಗದ ಸಮಯದಲ್ಲಿಯೋ ಇದು ತೊಡಕಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಸ್ವಲೀನತೆ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ವಿಕಲತೆ ಹಾಗೂ ಬಹುವಿಕಲತೆಯುಳ್ಳವರಿಗೆ, ಅಗತ್ಯ ಕಂಡುಬಂದಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಬಲ್ಲವರಿಗೆ ಇದು ಬೇಕಿಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಸ್ಥಿತಿಯನ್ನು ಮರೆಮಾಚಿ ಮದುವೆ ಮಾಡುವುದರಿಂದ ಎರಡು ಜೀವಗಳು ಕಷ್ಟಕ್ಕೊಳಗಾಗುತ್ತವೆ. ಇದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ನೋಂದಾಯಿಸಿಕೊಂಡವರಿಗೆ ವರ್ಷಕ್ಕೆ 1 ಲಕ್ಷ ರೂ.ವರೆಗೆ ಆರೋಗ್ಯ ವಿಮೆ ಇದ್ದು, ಚಿಕಿತ್ಸಾ ತರಬೇತಿಗಳ ವೆಚ್ಚವನ್ನೂ ನಿಗದಿತ ಮಿತಿಯೊಳಗೆ ಪಡೆಯಬಹುದಾಗಿದೆ.