ಸಾವಯವ ಆಹಾರ ಮತ್ತು ಆರೋಗ್ಯ: ತಪ್ಪು ಕಲ್ಪನೆಗಳೂ ಸತ್ಯವೂ

ಸಾವಯವ ಆಹಾರವನ್ನು ಆರೋಗ್ಯದ ದೃಷ್ಟಿಯಿಂದ ಆರಿಸಿಕೊಳ್ಳಬೇಕೇ ಬೇಡವೇ ಎಂಬ ವಿಚಾರದಲ್ಲಿ ಉಂಟಾಗುವ ಹೆಚ್ಚಿನ ಗೊಂದಲಗಳಿಗೆ ಕಾರಣ, ಬೆಳೆಯುವ ವಿಧಾನದ ಕುರಿತಾದ ಒಂದು ಹೇಳಿಕೆಯನ್ನು ಜನರು ದೇಹದ ಮೇಲಾಗುವ ಪರಿಣಾಮದ ಕುರಿತಾದ ಹೇಳಿಕೆಯೆಂದು ಓದಿಕೊಳ್ಳುವುದೇ ಆಗಿದೆ. ಭಾರತದಲ್ಲಿ 2001ರಲ್ಲಿ ಆರಂಭವಾದ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮದ ನಿಯಮಗಳಾಗಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2017ರಲ್ಲಿ ಹೊರಡಿಸಿದ ಸಾವಯವ ಆಹಾರ ನಿಯಮಗಳಾಗಲಿ ಹೇಳುವುದು ಇಷ್ಟನ್ನೇ: ಹೊಲದಲ್ಲಿ ರಾಸಾಯನಿಕ ಗೊಬ್ಬರ ಮತ್ತು ಸಂಶ್ಲೇಷಿತ ಕೀಟನಾಶಕಗಳನ್ನು, ಅಂದರೆ ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಿದ ವಿಷವಸ್ತುಗಳನ್ನು ಬಳಸಿರಬಾರದು, ಕುಲಾಂತರಿ ಬೀಜ ಬಿತ್ತಿರಬಾರದು, ಮತ್ತು ಇವುಗಳನ್ನು ಬಿಟ್ಟ ಮೇಲೆ ಪರಿವರ್ತನಾ ಅವಧಿ ಎಂದು ಕರೆಯಲಾಗುವ ಎರಡು ಮೂರು ವರ್ಷಗಳು ಕಳೆದಿರಬೇಕು. ಹೀಗೆ ಬೆಳೆದ ಅಕ್ಕಿ ಮಧುಮೇಹವನ್ನು ತಡೆಯುತ್ತದೆ ಎಂದಾಗಲಿ, ಹೀಗೆ ಬೆಳೆದ ಸೊಪ್ಪಿನಲ್ಲಿ ಕಬ್ಬಿಣಾಂಶ ಹೆಚ್ಚಿರುತ್ತದೆ ಎಂದಾಗಲಿ ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ.

ಜವಾರಿ ಅಥವಾ ನಾಟಿ ಎಂದರೆ ಸಾವಯವವೆಂದೇ ಅರ್ಥ ಎಂಬ ನಂಬಿಕೆ ಸಂತೆ ಮಾರುಕಟ್ಟೆಗಳಲ್ಲಿ ಬಹಳ ಬಲವಾಗಿದೆ. ಜವಾರಿ ಎನ್ನುವುದು ತಳಿಯ ಗುಣ, ಸಾವಯವ ಎನ್ನುವುದು ಬೇಸಾಯದ ಗುಣ; ಜವಾರಿ ಸೌತೆಕಾಯಿಗೂ ಔಷಧಿ ಹೊಡೆಯುತ್ತಾರೆ, ಹೈಬ್ರಿಡ್ ಟೊಮೆಟೊವನ್ನೂ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲೇ ಬೆಳೆಯುವವರಿದ್ದಾರೆ. ಇದಕ್ಕಿಂತಲೂ ದಾರಿ ತಪ್ಪಿಸುವ ನಂಬಿಕೆಯೆಂದರೆ, ಹುಳ ಕೊರೆದ ಕಾಯಿ ಸಿಕ್ಕರೆ ಅದು ವಿಷಮುಕ್ತವೆಂಬುದಕ್ಕೆ ಹುಳವೇ ಸಾಕ್ಷಿ ಎನ್ನುವುದು. ಬದನೆಯನ್ನು ಕಾಡುವ ಕುಡಿ ಮತ್ತು ಕಾಯಿ ಕೊರಕ ಹುಳವು ಮೊಟ್ಟೆಯಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಹೊಕ್ಕು, ಒಳಗಿನ ತಿರುಳನ್ನು ತಿನ್ನುತ್ತಾ, ಹೊಕ್ಕ ರಂಧ್ರವನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಸಿಂಪಡಿಸಿದ ಔಷಧಿ ಅದಕ್ಕೆ ತಗಲುವುದೇ ಕಷ್ಟ. ಔಷಧಿ ತಗಲದ ಕಾರಣ ಹುಳ ಉಳಿಯುತ್ತದೆ, ಹುಳ ಉಳಿದ ಕಾರಣ ರೈತ ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತದೆ. ಆದ್ದರಿಂದ ತೂತು ಬಿದ್ದ ಬದನೆಕಾಯಿ ಹತ್ತಾರು ಸಲ ಔಷಧಿ ಕಂಡ ಹೊಲದಿಂದಲೂ ಬಂದಿರಬಹುದು, ಒಂದು ಸಲವೂ ಕಾಣದ ಹೊಲದಿಂದಲೂ ಬಂದಿರಬಹುದು, ಮತ್ತು ಕಾಯಿಯನ್ನು ನೋಡಿ ಇದನ್ನು ಹೇಳುವುದು ಸಾಧ್ಯವಿಲ್ಲ.

ಸಾವಯವ ಹೊಲದಲ್ಲಿ ಸಿಂಪಡಣೆಯೇ ಇರುವುದಿಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ. ಬೇವಿನ ಕಷಾಯ, ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್, ಗಂಧಕ, ತಾಮ್ರದ ಲವಣಗಳು ಮುಂತಾದವನ್ನು ನಿಯಮಗಳು ಕೆಲವು ನಿರ್ಬಂಧಗಳೊಡನೆ ಒಪ್ಪುತ್ತವೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವು ಈ ಬಗೆಯದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ರೂಪುಗೊಂಡ ಈ ದ್ರಾವಣದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಸಸ್ಯಮೂಲದ ರೊಟೆನೋನ್ ಎಂಬ ಕೀಟನಾಶಕವನ್ನು ಸಾವಯವ ಕೃಷಿಯಲ್ಲಿ ಬಹುಕಾಲ ನಿರಪಾಯಕಾರಿ ಎಂದೇ ಬಳಸಲಾಗುತ್ತಿತ್ತು. ಅದಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ಸಂಬಂಧವಿರುವ ಸೂಚನೆಗಳು ದೊರೆತ ಮೇಲೆ ಅದರ ಬಳಕೆ ಹಿಂದೆ ಸರಿಯಿತು. ಒಂದು ವಸ್ತು ನಿಸರ್ಗದಿಂದ ಬಂದಿದೆಯೋ ಕಾರ್ಖಾನೆಯಿಂದ ಬಂದಿದೆಯೋ ಎಂಬುದು ಅದರ ವಿಷದ ಪ್ರಮಾಣವನ್ನು ನಿರ್ಧರಿಸುವುದಿಲ್ಲ ಎಂಬುದನ್ನು ಇಷ್ಟರಿಂದಲೇ ತಿಳಿಯಬಹುದು.

ಹೀಗಿದ್ದರೂ ಸಂಶ್ಲೇಷಿತ ಕೀಟನಾಶಕಗಳ ಶೇಷಾಂಶದ ವಿಷಯದಲ್ಲಿ, ಅಂದರೆ ಕೊಯ್ಲಿನ ಅನಂತರವೂ ಕಾಯಿಪಲ್ಲೆಯಲ್ಲಿ ಉಳಿದುಕೊಳ್ಳುವ ಅಂಶದ ವಿಷಯದಲ್ಲಿ, ಸಾವಯವದ ಮೇಲುಗೈಯನ್ನು ಅಲ್ಲಗಳೆಯುವಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2012ರಲ್ಲಿ ಹಿಂದಿನ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸಾಮಾನ್ಯ ಹಣ್ಣು ತರಕಾರಿಗಳ ಮಾದರಿಗಳಲ್ಲಿ ಶೇ. 38ರಷ್ಟರಲ್ಲೂ ಸಾವಯವ ಮಾದರಿಗಳಲ್ಲಿ ಶೇ. 7ರಷ್ಟರಲ್ಲೂ ಕೀಟನಾಶಕದ ಶೇಷಾಂಶ ಕಂಡುಬಂದಿತು. ಇದಕ್ಕೂ ಮುಂಚೆ, 2006ರಲ್ಲಿ ಪ್ರಕಟವಾದ ಸಿಯಾಟಲ್ ನಗರದ ಅಧ್ಯಯನವೊಂದರಲ್ಲಿ 23 ಶಾಲಾಮಕ್ಕಳ ಆಹಾರವನ್ನು ಐದು ದಿನಗಳ ಮಟ್ಟಿಗೆ ಸಾವಯವಕ್ಕೆ ಬದಲಾಯಿಸಿದಾಗ, ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಗಳ ಕುರುಹುಗಳು ಅವರ ಮೂತ್ರದಲ್ಲಿ ಬಹುಬೇಗ ಪತ್ತೆಯಾಗದ ಮಟ್ಟಕ್ಕೆ ಇಳಿದವು; ಹಳೆಯ ಊಟಕ್ಕೆ ಮರಳಿದಾಗ ಅವು ಮತ್ತೆ ಕಾಣಿಸಿಕೊಂಡವು. ಗರ್ಭಿಣಿಯರು ಮತ್ತು ಎಳೆಯ ಮಕ್ಕಳಿರುವ ಮನೆಗಳು ಗಮನಿಸಬೇಕಾದ ಸಂಗತಿಯಿದು, ಏಕೆಂದರೆ ಈ ಗುಂಪಿನ ಕೀಟನಾಶಕಗಳು ಕೀಟದ ನರಮಂಡಲದ ಮೇಲೆ ಕೆಲಸ ಮಾಡುವಂಥವು, ಮಿದುಳು ಬೆಳೆಯುತ್ತಿರುವ ವಯಸ್ಸಿನಲ್ಲಿ ಅವುಗಳ ಸಂಪರ್ಕ ಕಡಿಮೆಯಿದ್ದಷ್ಟೂ ಒಳ್ಳೆಯದು.

ಆದರೆ ಶೇಷಾಂಶ ಪತ್ತೆಯಾದುದೆಲ್ಲವೂ ಅಪಾಯವೆಂದು ತಿಳಿಯುವುದು ಇನ್ನೊಂದು ತುದಿಯ ತಪ್ಪು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಾವ ದುಷ್ಪರಿಣಾಮವೂ ಕಾಣದ ಪ್ರಮಾಣವನ್ನು ಗುರುತಿಸಿ, ಅದನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ, ಮನುಷ್ಯನು ಜೀವನಪರ್ಯಂತ ದಿನವೂ ಸೇವಿಸಿದರೂ ಹಾನಿಯಾಗದೆಂದು ಎಣಿಸಲಾದ ಮಿತಿಯೊಂದನ್ನು ನಿಗದಿಪಡಿಸುತ್ತಾರೆ. ಪ್ರತಿಯೊಂದು ಬೆಳೆಯಲ್ಲಿ ಉಳಿಯಬಹುದಾದ ಗರಿಷ್ಠ ಶೇಷಮಿತಿಯನ್ನು ಈ ಲೆಕ್ಕಕ್ಕೆ ಒಳಪಟ್ಟೇ ನಿರ್ಧರಿಸಲಾಗುತ್ತದೆ. ಇಂದಿನ ಉಪಕರಣಗಳು ಕಿಲೋಗ್ರಾಮಿನಲ್ಲಿ ಮಿಲಿಗ್ರಾಮಿನ ನೂರನೆಯ ಒಂದು ಭಾಗವನ್ನೂ ಕಂಡುಹಿಡಿಯಬಲ್ಲವಾದ್ದರಿಂದ, ಪತ್ತೆಯಾಯಿತು ಎಂಬ ಸುದ್ದಿಗಿಂತ ಎಷ್ಟು ಪತ್ತೆಯಾಯಿತು ಎಂಬ ಸಂಖ್ಯೆ ಮುಖ್ಯ. ಈ ವ್ಯವಸ್ಥೆಗೂ ಮಿತಿಗಳಿವೆ: ಹಲವು ಕೀಟನಾಶಕಗಳು ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಒಂದೊಂದನ್ನೇ ಅಳೆಯುವ ಲೆಕ್ಕ ಪೂರ್ತಿಯಾಗಿ ಹೇಳಲಾರದು, ಮತ್ತು ನಮ್ಮ ಮಾರುಕಟ್ಟೆಗಳಿಗೆ ಬರುವ ಸರಕಿನ ಅತ್ಯಲ್ಪ ಭಾಗ ಮಾತ್ರ ಪರೀಕ್ಷೆಗೆ ಒಳಗಾಗುತ್ತದೆ.

ಉಪ್ಪುನೀರಿನಲ್ಲಿ ತೊಳೆದರೆ ವಿಷವೆಲ್ಲ ಹೋಗುತ್ತದೆ ಎನ್ನುವವರೂ, ತೊಳೆದು ಪ್ರಯೋಜನವೇ ಇಲ್ಲ ಎನ್ನುವವರೂ ಸಮಾನವಾಗಿ ತಪ್ಪುತ್ತಾರೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸೇಬಿನ ಮೇಲೆ ನಡೆಸಿದ ಪ್ರಯೋಗದಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿನ ಎರಡು ಕೀಟನಾಶಕಗಳಲ್ಲಿ ಒಂದರ ಶೇ. 96ರಷ್ಟೂ ಇನ್ನೊಂದರ ಶೇ. 80ರಷ್ಟೂ ಹೊರಟುಹೋದವು, ಎರಡನೆಯದು ಅಷ್ಟರಲ್ಲೇ ನಿಂತದ್ದು ಅದರ ಒಂದು ಪಾಲು ಸಿಪ್ಪೆಯೊಳಕ್ಕೆ ಇಳಿದಿದ್ದರಿಂದ. ಅಂತರ್ವ್ಯಾಪಿ ಎಂದು ಕರೆಯಲಾಗುವ, ಗಿಡದ ರಸದೊಡನೆ ಕಾಂಡ, ಎಲೆ, ಕಾಯಿಗಳೊಳಗೆಲ್ಲ ಹರಿಯುವ ಕೀಟನಾಶಕಗಳನ್ನು ಯಾವ ತೊಳೆತವೂ ತೆಗೆಯಲಾರದು.

ಪೋಷಕಾಂಶಗಳ ವಿಷಯಕ್ಕೆ ಬಂದರೆ, ಸಾವಯವದಲ್ಲಿ ಸತ್ತ್ವ ಹೆಚ್ಚು ಎಂಬ ದೃಢವಾದ ನಂಬಿಕೆಗೆ ಸಿಗುವ ಆಧಾರ ತೆಳುವಾದುದು. ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ ಸಂಶೋಧಕರು ಐವತ್ತು ವರ್ಷಗಳ ಅಧ್ಯಯನಗಳನ್ನು ಪರಿಶೀಲಿಸಿ 2009ರಲ್ಲಿ ಕೊಟ್ಟ ವರದಿಯಲ್ಲಿ ಆರೋಗ್ಯಕ್ಕೆ ಮುಖ್ಯವೆನಿಸುವ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ ತಂಡದ ನೇತೃತ್ವದಲ್ಲಿ 343 ಪ್ರಕಟಣೆಗಳನ್ನು ಆಧರಿಸಿ ನಡೆದ ವಿಶ್ಲೇಷಣೆಯಲ್ಲಿ ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು ಹೆಚ್ಚಾಗಿಯೂ, ಮೂತ್ರಪಿಂಡಕ್ಕೆ ಹಾನಿಕರವಾದ ಕ್ಯಾಡ್ಮಿಯಂ ಎಂಬ ಲೋಹ ಕಡಿಮೆಯಾಗಿಯೂ ಕಂಡವು. ಎರಡನೆಯ ಅಂಶಕ್ಕೆ ತೂಕವಿದೆ; ಮೊದಲನೆಯದು ಮನುಷ್ಯನ ಆರೋಗ್ಯದಲ್ಲಿ ಏನಾದರೂ ಬದಲಾವಣೆ ತರುತ್ತದೆಯೇ ಎಂಬುದು ಇನ್ನೂ ಸಾಬೀತಾಗಿಲ್ಲ. ಗದ್ದೆಯಲ್ಲಿ ಆಗುವ ಈ ಅಲ್ಪ ವ್ಯತ್ಯಾಸವನ್ನು ಗಿರಣಿಯೂ ಅಡುಗೆಮನೆಯೂ ಸುಲಭವಾಗಿ ಅಳಿಸಿಬಿಡುತ್ತವೆ: ಬೆಳ್ಳಗೆ ಪಾಲಿಶ್ ಮಾಡಿದ ಸಾವಯವ ಅಕ್ಕಿಗಿಂತ ತೌಡು ಉಳಿದ ಸಾಮಾನ್ಯ ಅಕ್ಕಿಯಲ್ಲಿ ನಾರೂ ಜೀವಸತ್ತ್ವವೂ ಹೆಚ್ಚು, ಮೂರು ದಿನ ಬಾಡಿದ ಸಾವಯವ ದಂಟಿನ ಸೊಪ್ಪಿಗಿಂತ ಅಂದೇ ಕೊಯ್ದ ಸಾಮಾನ್ಯ ಸೊಪ್ಪಿನಲ್ಲಿ ಸಿ ಜೀವಸತ್ತ್ವ ಹೆಚ್ಚು.

ಸಾವಯವ ತಿಂದರೆ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತನ್ನು ಭಯದಲ್ಲಿರುವ ಜನ ಬೇಗ ನಂಬುತ್ತಾರಾದ್ದರಿಂದ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಫ್ರಾನ್ಸಿನಲ್ಲಿ 68,946 ವಯಸ್ಕರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಸಾವಯವ ಆಹಾರ ಬಳಸುವವರ ಗುಂಪಿನಲ್ಲಿ ಅತಿ ಕಡಿಮೆ ಬಳಸುವವರಿಗಿಂತ ಕ್ಯಾನ್ಸರ್ ಶೇ. 25ರಷ್ಟು ಕಡಿಮೆಯಿತ್ತು. ಬ್ರಿಟನ್ನಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಾದರೋ ಒಟ್ಟಾರೆ ಕ್ಯಾನ್ಸರ್‌ನಲ್ಲಿ ಇಳಿಕೆ ಕಾಣಲಿಲ್ಲ. ಒಂದು ಬಗೆಯ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಮಾತ್ರ ಕಡಿಮೆಯಿತ್ತು, ಸ್ತನ ಕ್ಯಾನ್ಸರ್ ತುಸು ಹೆಚ್ಚೇ ಇತ್ತು. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಓದಿದವರೂ ಹೆಚ್ಚು ಆದಾಯದವರೂ ವ್ಯಾಯಾಮ ಮಾಡುವವರೂ ಹಣ್ಣು ತರಕಾರಿ ಹೆಚ್ಚು ತಿನ್ನುವವರೂ ಆಗಿರುವುದರಿಂದ, ಲಾಭ ಬಂದದ್ದು ಸಾವಯವದಿಂದಲೋ ಉಳಿದ ಜೀವನಕ್ರಮದಿಂದಲೋ ಎಂದು ಬಿಡಿಸಿ ಹೇಳುವುದು ಲೆಕ್ಕಾಚಾರದ ಹೊಂದಾಣಿಕೆಗಳ ಅನಂತರವೂ ಕಷ್ಟವಾಗುತ್ತದೆ.

ಈ ಎಲ್ಲ ಕಲ್ಪನೆಗಳಲ್ಲಿ ಮನೆಮನೆಯಲ್ಲಿ ನಿಜವಾದ ಹಾನಿ ಮಾಡುತ್ತಿರುವುದು ಸಾವಯವ ಬೆಲ್ಲ ಮಧುಮೇಹಿಗಳಿಗೂ ಹಾನಿಕರವಲ್ಲ ಎಂಬ ಕಲ್ಪನೆ. ಗಂಧಕದ ಸಂಯುಕ್ತಗಳನ್ನು ಹಾಕಿ ಹೊಂಬಣ್ಣ ಬರಿಸಿದ ಬೆಲ್ಲಕ್ಕಿಂತ, ಆಲೆಮನೆಯಲ್ಲಿ ಏನೂ ಬೆರೆಸದೆ ಕಾಯಿಸಿದ ಕಪ್ಪು ಬೆಲ್ಲ ಮೇಲೆಂಬುದು ನಿಜ. ಆದರೆ ಮಂಡ್ಯದ್ದಾಗಲಿ ಮುಧೋಳದ್ದಾಗಲಿ, ಸಾವಯವವಾಗಲಿ ಅಲ್ಲದಿರಲಿ, ಬೆಲ್ಲದ ಬಹುಪಾಲು ಸಕ್ಕರೆಯೇ. ಅದು ರಕ್ತದ ಗ್ಲೂಕೋಸನ್ನು ಸಕ್ಕರೆಯಂತೆಯೇ ಏರಿಸುತ್ತದೆ, ಅದರಲ್ಲಿರುವ ಖನಿಜಾಂಶಗಳು ಈ ಏರಿಕೆಯನ್ನು ತಡೆಯುವುದಿಲ್ಲ. ಸಾವಯವ ಎಂಬ ಒಂದು ಪದದ ಭರವಸೆಯಲ್ಲಿ ಮಧುಮೇಹಿಗಳು ದಿನಕ್ಕೆ ಎರಡು ಮೂರು ಲೋಟ ಬೆಲ್ಲದ ಕಾಫಿ ಕುಡಿಯುವುದನ್ನು ಕಂಡಾಗ ಸುಮ್ಮನಿರುವುದು ತಪ್ಪು. ಸಾವಯವ ಬಿಸ್ಕತ್ತು, ಸಾವಯವ ಚಿಪ್ಸುಗಳಿಗೂ ಇದೇ ಮಾತು ಸಲ್ಲುತ್ತದೆ. ಇನ್ನು ಸಾವಯವ ಉಪ್ಪು ಎಂಬುದಕ್ಕಂತೂ ಅರ್ಥವೇ ಇಲ್ಲ, ಉಪ್ಪು ಖನಿಜವೇ ಹೊರತು ಬೆಳೆಯಲ್ಲ.

ಸೂಕ್ಷ್ಮಜೀವಿಗಳೂ ಬೂಷ್ಟಿನ ವಿಷಗಳೂ ಬೇಸಾಯದ ಪದ್ಧತಿಯನ್ನು ಕೇಳಿಕೊಂಡು ಬರುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಐವತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಇ. ಕೋಲಿ ಸೋಂಕು ಹರಡಿದ್ದು ಸಾವಯವ ತೋಟವೊಂದರ ಮೊಳಕೆಕಾಳಿನಿಂದ, ಅದರ ಮೂಲ ಹೊರದೇಶದಿಂದ ತರಿಸಿದ ಮೆಂತ್ಯದ ಬೀಜವೆಂದು ತನಿಖೆ ತೋರಿಸಿತು. ಶೇಂಗಾವನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದಾಗ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ, ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುವ ವಿಷವನ್ನು ಉಂಟುಮಾಡುತ್ತದೆ, ಮತ್ತು ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಮುಗ್ಗಿದ ಸಾವಯವ ಶೇಂಗಾಕ್ಕಿಂತ ಚೆನ್ನಾಗಿ ಒಣಗಿದ ಸಾಮಾನ್ಯ ಶೇಂಗಾ ನಿಸ್ಸಂಶಯವಾಗಿ ಸುರಕ್ಷಿತ.

ಕೀಟನಾಶಕಗಳಿಂದ ಆರೋಗ್ಯಕ್ಕಾಗುವ ಅತಿ ದೊಡ್ಡ ಹಾನಿ ತಿನ್ನುವವರಿಗೇ ಆಗುತ್ತದೆ ಎಂದು ನಗರದ ಗ್ರಾಹಕರು ಭಾವಿಸುವುದು ಸಹಜವಾದರೂ ಅದು ನಿಜವಲ್ಲ. ಆ ಹಾನಿ ಆಗುವುದು ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೊಂದು ಟವೆಲು ಸುತ್ತಿಕೊಂಡು, ಗಾಳಿಗೆದುರಾಗಿ ಸಿಂಪಡಿಸುವ ರೈತನಿಗೆ ಮತ್ತು ಕೂಲಿಯವನಿಗೆ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿಹೊಲಗಳಲ್ಲಿ 2017ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸಿಂಪಡಣೆಯ ವಿಷ ತಗಲಿ ಸತ್ತರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ, ಹಾಗೆಯೇ ಗಡಿಯಾಚೆಯ ಕಾಸರಗೋಡಿನಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದದ್ದರ ನೋವನ್ನು ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳೂ ಅವರನ್ನು ಮುದಿವಯಸ್ಸಿನಲ್ಲಿ ಎತ್ತಿ ಸಲಹುತ್ತಿರುವ ತಾಯಂದಿರೂ ಇಂದಿಗೂ ಅನುಭವಿಸುತ್ತಿದ್ದಾರೆ. ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಈ ಹಳ್ಳಿಗಳವರಾರೂ ಗೇರುಬೀಜ ತಿಂದು ಕಾಯಿಲೆ ಬಿದ್ದವರಲ್ಲ. ತೋಟದ ಪಕ್ಕದಲ್ಲಿ ಬದುಕಿ, ಅಲ್ಲಿಯ ಗಾಳಿ ಉಸಿರಾಡಿ, ಅಲ್ಲಿಯ ನೀರು ಕುಡಿದವರು. ಆರೋಗ್ಯದ ಕಾರಣಕ್ಕೆ ಸಾವಯವವನ್ನು ಬೆಂಬಲಿಸಬೇಕೆಂದರೆ ಇದಕ್ಕಿಂತ ಗಟ್ಟಿಯಾದ ಕಾರಣ ಸಿಗುವುದಿಲ್ಲ.

ಕೊಳ್ಳುವವರ ಮಟ್ಟಿಗೆ ಹೇಳುವುದಾದರೆ, ಬೆಲೆ ನಿಲುಕದೆಂದು ತರಕಾರಿಯನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ಕೆಟ್ಟ ನಿರ್ಧಾರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ಮೊದಲು ತಟ್ಟೆಗೆ ಬರಬೇಕು, ಅದು ಸಾವಯವವೇ ಎಂಬ ಪ್ರಶ್ನೆ ಆಮೇಲಿನದು. ಹೆಚ್ಚಿನ ಹಣ ತೆರಲು ಸಾಧ್ಯವಿದ್ದರೆ ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ದ್ರಾಕ್ಷಿಗಳಂತಹ, ಸಿಪ್ಪೆ ಸುಲಿಯದೆ ಇಡಿಯಾಗಿ ತಿನ್ನುವ ಪದಾರ್ಥಗಳಿಗೆ ಅದನ್ನು ವ್ಯಯಿಸುವುದು ವಿವೇಕ. ಬಾಳೆಹಣ್ಣು, ತೆಂಗಿನಕಾಯಿ, ಹಲಸುಗಳ ದಪ್ಪ ಸಿಪ್ಪೆಯೇ ಬಹುಮಟ್ಟಿಗೆ ರಕ್ಷಣೆ. ಪೊಟ್ಟಣದ ಮೇಲೆ ಸಾವಯವ ಪ್ರಮಾಣೀಕರಣದ ಅಧಿಕೃತ ಮುದ್ರೆ ಇದೆಯೇ ಎಂದು ನೋಡಬೇಕು, ನ್ಯಾಚುರಲ್, ಫಾರ್ಮ್ ಫ್ರೆಶ್ ಮುಂತಾದ ಪದಗಳಿಗೆ ಅಂತಹ ಯಾವ ಪ್ರಮಾಣವೂ ಇಲ್ಲ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ನಿಯಮಗಳು ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿರುವುದರಿಂದ ಮುದ್ರೆ ಇಲ್ಲವೆಂದು ಅವರನ್ನು ತಳ್ಳಿಹಾಕುವಂತಿಲ್ಲ. ಹೊಲ ಯಾವ ಊರಿನದು, ರಾಸಾಯನಿಕ ಬಿಟ್ಟು ಎಷ್ಟು ವರ್ಷವಾಯಿತು, ಪಕ್ಕದ ಹೊಲದವರು ಏನು ಹೊಡೆಯುತ್ತಾರೆ, ಬದನೆಗೆ ಕಾಯಿಕೊರಕ ಬಂದಾಗ ಏನು ಮಾಡುತ್ತೀರಿ ಎಂದು ವಿಚಾರಿಸಿದರೆ, ನಿಜವಾಗಿ ಸಾವಯವ ಬೇಸಾಯ ಮಾಡುವ ರೈತರು ಸೋಂಕಿದ ಕುಡಿಗಳನ್ನು ಚಿವುಟಿ ನಾಶಪಡಿಸುವುದರಿಂದ ಹಿಡಿದು ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವವರೆಗೆ ತಮ್ಮ ಕ್ರಮವನ್ನು ವಿವರವಾಗಿ ಹೇಳಬಲ್ಲರು.